ಆಸ್ಪತ್ರೆಗೆ ಲೈಬ್ರರಿ ಯಾಕೆ ಬೇಕು ಎಂದು ಆಡಳಿತ ಮಂಡಳಿ ಕೇಳಿದರೆ ಏನು ತೋರಿಸುವುದು?

ಪ್ರಶ್ನೆ: ಶಿರಸಿಯ ಗ್ರಂಥಪಾಲಕಿ, ಟ್ರಸ್ಟ್ ಆಸ್ಪತ್ರೆ

ಎಲ್ಲರಿಗೂ ನಮಸ್ಕಾರ. ನಮ್ಮದು 120 ಹಾಸಿಗೆಯ ಆಸ್ಪತ್ರೆ, ಜೊತೆಗೊಂದು ನರ್ಸಿಂಗ್ ಕಾಲೇಜಿದೆ. ಲೈಬ್ರರಿಗೆ ನಾನೊಬ್ಬಳೇ. ಜರ್ನಲ್ ಚಂದಾ ಅರ್ಧಕ್ಕಿಳಿಸಿ, ಲೈಬ್ರರಿ ಕೋಣೆಯನ್ನು ಇನ್ಶೂರೆನ್ಸ್ ಡೆಸ್ಕಿಗೆ ಕೊಡುವ ಮಾತು ನಡೆದಿದೆ. "ಈಗ ಎಲ್ಲ ಮೊಬೈಲಲ್ಲೇ ಸಿಗ್ತದಲ್ಲ" ಎನ್ನುತ್ತಾರೆ. ಮಂಡಳಿಯ ಸಭೆಗೆ ಆರು ವಾರ ಇದೆ. ವರ್ಷದ ವರದಿಯಲ್ಲಿ ಪುಸ್ತಕ 3,400, ಜರ್ನಲ್ 14, ದಿನಕ್ಕೆ ಬಂದವರು ಸರಾಸರಿ 25 ಎಂದು ಬರೆದು ಕೊಡುತ್ತೇನೆ. ಅದರ ಬಗ್ಗೆ ಒಂದು ಪ್ರಶ್ನೆಯೂ ವಾಪಸ್ ಬಂದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕಾರವಾರದ ಹಿರಿಯ ಗ್ರಂಥಪಾಲಕಿ, ವೈದ್ಯಕೀಯ ಗ್ರಂಥಾಲಯ

ತಂಗೀ, ಆ ಮೂರು ಅಂಕಿಗಳನ್ನು ಮೊದಲ ಪುಟದಿಂದ ತೆಗೆಯಿರಿ. ಅವು ನಿಮ್ಮ ಹತ್ತಿರ ಏನಿದೆ ಎಂದು ಹೇಳುತ್ತವೆ. ಅದರಿಂದ ಆಸ್ಪತ್ರೆಯಲ್ಲಿ ಏನಾಯಿತು ಎಂಬುದೇ ಮಂಡಳಿಗೆ ಬೇಕಾದದ್ದು. ಲೈಬ್ರರಿ ಕೊಟ್ಟ ಮಾಹಿತಿಯಿಂದ ಯಾವ ವಾರ್ಡಿನಲ್ಲಿ ಯಾವ ನಿರ್ಧಾರ ಬದಲಾಯಿತು, ಯಾವ ಖರ್ಚು ತಪ್ಪಿತು, ತಪಾಸಣೆಯ ಫೈಲಿಗೆ ಯಾವ ದಾಖಲೆ ಸೇರಿತು ಎಂದು ಹೇಳುವಂತಾಗಬೇಕು. ಅದಕ್ಕೆ ಇವತ್ತೇ ಒಂದು ಪ್ರಶ್ನೆ ರಿಜಿಸ್ಟರ್ ಶುರು ಮಾಡಿ.

ನೋಟ್‌ಬುಕ್ಕಾದರೂ ಸರಿ, ಎಕ್ಸೆಲ್ ಆದರೂ ಸರಿ, ಒಂಬತ್ತು ಕಾಲಂ ಸಾಕು: ದಿನಾಂಕ, ಕೇಳಿದವರ ವಿಭಾಗ ಮತ್ತು ಹುದ್ದೆ, ಒಂದೇ ಸಾಲಿನಲ್ಲಿ ಪ್ರಶ್ನೆ, ಯಾವುದಕ್ಕಾಗಿ (ರೋಗಿಯ ಚಿಕಿತ್ಸೆ, ತರಬೇತಿ, ಆಸ್ಪತ್ರೆಯ ನಿಯಮ, ಸಂಶೋಧನೆ, ರೋಗಿಗೆ ಕೊಡುವ ಕರಪತ್ರ), ಎಷ್ಟರೊಳಗೆ ಬೇಕೆಂದರು, ನಿಮಗೆ ಹಿಡಿದ ನಿಮಿಷ, ಎಲ್ಲಿ ಹುಡುಕಿದಿರಿ, ಏನು ಕೊಟ್ಟಿರಿ, ಅದರಿಂದ ಏನಾಯಿತು. ಕೊನೆಯ ಕಾಲಂ ಆ ದಿನ ಖಾಲಿ ಇರಲಿ, ವಾರದೊಳಗೆ ತುಂಬಿಸಿ. ರೋಗಿಯ ಹೆಸರು, ಐಪಿ ನಂಬರ್ (ಒಳರೋಗಿಯ ದಾಖಲಾತಿ ಸಂಖ್ಯೆ) ಎಲ್ಲೂ ಬರೆಯಬೇಡಿ. ಈ ರಿಜಿಸ್ಟರ್ ಮಂಡಳಿಯ ಮೇಜಿನ ಮೇಲೆ ತೆರೆದಿಡುವ ವಸ್ತು. "45 ವರ್ಷದ ಗಂಡಸು, ಕಿಡ್ನಿ ತೊಂದರೆ, ಈ ಔಷಧದ ಪ್ರಮಾಣ" ಎಂದಿದ್ದರೆ ಬೇಕಾದಷ್ಟಾಯಿತು.

ಕಾರಿಡಾರಿನಲ್ಲಿ ಸಿಕ್ಕಿ ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ವಾಟ್ಸಾಪಿನಲ್ಲಿ ಬಂದದ್ದು ಯಾವುದನ್ನೂ ಬಿಡಬೇಡಿ. ಒಬ್ಬರೇ ನೋಡಿಕೊಳ್ಳುವ ಲೈಬ್ರರಿಗಳಲ್ಲಿ ಕೆಲಸದ ದೊಡ್ಡ ಪಾಲು ನಡೆಯುವುದೇ ಹೀಗೆ. ಬರೆದಿಡದಿದ್ದರೆ ಅಷ್ಟೂ ಕೆಲಸ ಲೆಕ್ಕಕ್ಕೇ ಬರುವುದಿಲ್ಲ.

"ಏನಾಯಿತು" ಎಂದು ಕೇಳುವ ಚೀಟಿಯಲ್ಲಿ ಮೂರೇ ಪ್ರಶ್ನೆ ಇಡಿ. ಈ ಮಾಹಿತಿಯಿಂದ ಚಿಕಿತ್ಸೆಯ ಯಾವುದಾದರೂ ಭಾಗ ಬದಲಾಯಿತೇ? ಬದಲಾಗಿದ್ದರೆ ಯಾವುದು: ರೋಗನಿರ್ಣಯ, ಟೆಸ್ಟ್, ಔಷಧ, ರೋಗಿಗೆ ಹೇಳಿದ ಸಲಹೆ, ರೆಫರ್ ಮಾಡುವ ತೀರ್ಮಾನ? ಇದನ್ನು ನೀವೇ ಹುಡುಕಿದ್ದರೆ ಎಷ್ಟು ಹೊತ್ತು ಬೇಕಿತ್ತು? ನನ್ನ ಮನಸ್ಸಿಂದ ಕಟ್ಟಿದ ಪ್ರಶ್ನೆಗಳಲ್ಲ ಇವು. 1992ರಲ್ಲಿ ಪ್ರಕಟವಾದ ಅಮೆರಿಕದ ರೋಚೆಸ್ಟರ್ ಅಧ್ಯಯನ ಇದೇ ದಾರಿ ಹಿಡಿದಿತ್ತು. ವೈದ್ಯರು ಕೈಯಲ್ಲಿದ್ದ ಕೇಸಿನ ಬಗ್ಗೆ ಆಸ್ಪತ್ರೆಯ ಲೈಬ್ರರಿಯಿಂದ ಮಾಹಿತಿ ಪಡೆದು, ಅದರ ಪರಿಣಾಮವನ್ನು ತಾವೇ ಬರೆದುಕೊಟ್ಟರು. ಉತ್ತರಿಸಿದ 208 ಜನರಲ್ಲಿ ಶೇ. 80 ಮಂದಿ ಚಿಕಿತ್ಸೆಯ ಒಂದಲ್ಲ ಒಂದು ಅಂಶವನ್ನು ಖಂಡಿತವಾಗಿ ಅಥವಾ ಬಹುಶಃ ಬೇರೆ ರೀತಿಯಲ್ಲಿ ನಿಭಾಯಿಸಿದೆವು ಎಂದರು. ಸಲಹೆ ಬದಲಾಗಿದ್ದು ಶೇ. 72, ಟೆಸ್ಟ್ ಆಯ್ಕೆ ಶೇ. 51, ಔಷಧ ಶೇ. 45, ರೋಗನಿರ್ಣಯ ಶೇ. 29. ಆಮೇಲೆ 2013ರಲ್ಲಿ 118 ಆಸ್ಪತ್ರೆಗಳ 16,122 ಜನರಿಂದ ಉತ್ತರ ಪಡೆದ ದೊಡ್ಡ ಅಧ್ಯಯನ ಬಂತು. ಅದರಲ್ಲೂ ಸುಮಾರು ಮುಕ್ಕಾಲು ಪಾಲು ಜನ ಇದನ್ನೇ ಹೇಳಿದರು.

ಈ ಅಂಕಿಗಳನ್ನು ಸಭೆಯಲ್ಲಿ ಒಂದು ಸಾಲಿಗಿಂತ ಹೆಚ್ಚು ಎತ್ತಬೇಡಿ. ಅವು ಅಲ್ಲಿಯ ಆಸ್ಪತ್ರೆಗಳದ್ದು, ಉತ್ತರಿಸಿದವರು ಕೊಟ್ಟ ಸ್ವಂತ ಅಂದಾಜು. ಶಿರಸಿಯ ಮಂಡಳಿಗೆ ಶಿರಸಿಯ ಲೆಕ್ಕ ಬೇಕು. ಚೀಟಿ ಮಾತ್ರ ಅಲ್ಲಿಂದ ತನ್ನಿ, ಉತ್ತರ ನಿಮ್ಮ ವಾರ್ಡುಗಳಿಂದಲೇ ಬರಲಿ.

ಶಿರಸಿಯ ಗ್ರಂಥಪಾಲಕಿ

ಧನ್ಯವಾದ ಮೇಡಂ. ನಮ್ಮ ಡಾಕ್ಟರುಗಳು ಚೀಟಿ ತುಂಬಿಸುವುದು ಅನುಮಾನ. ಓಪಿಡಿಯಲ್ಲಿ ನೂರು ಜನ ಕಾಯುತ್ತಿರುತ್ತಾರೆ.

ಕಾರವಾರದ ಹಿರಿಯ ಗ್ರಂಥಪಾಲಕಿ

ಅವರು ತುಂಬಿಸಬೇಕಾಗಿಯೇ ಇಲ್ಲ. ಮಾಹಿತಿ ಕೊಟ್ಟ ಮೂರನೇ ದಿನ ನೀವೇ ರೌಂಡ್ಸ್ ಮುಗಿಯುವ ಹೊತ್ತಿಗೆ ವಾರ್ಡಿಗೆ ಹೋಗಿ, ನಿಂತಲ್ಲೇ ಮೂರು ಪ್ರಶ್ನೆ ಕೇಳಿ, ನೀವೇ ಬರೆದುಕೊಳ್ಳಿ. ಒಂದೂವರೆ ನಿಮಿಷದ ಕೆಲಸ. ವಾರ ದಾಟಿದರೆ ಅವರಿಗೆ ನೆನಪಿರುವುದಿಲ್ಲ, ಸುಮ್ಮನೆ "ಚೆನ್ನಾಗಿತ್ತು" ಎಂದುಬಿಡುತ್ತಾರೆ. ಆ ಮಾತಿಗೆ ಸಭೆಯಲ್ಲಿ ಬೆಲೆಯಿಲ್ಲ.

"ಏನೂ ಬದಲಾಗಲಿಲ್ಲ" ಎಂದರೆ ಅದನ್ನೂ ಹಾಗೇ ಬರೆಯಿರಿ. ಮೊದಲೇ ಯೋಚಿಸಿದ್ದು ಸರಿ ಎಂದು ಗಟ್ಟಿಯಾಗಿದ್ದರೆ "ಖಚಿತವಾಯಿತು" ಎಂದು ಬೇರೆ ಗುರುತು ಹಾಕಿ. ಕೇಳಿದ್ದು ಎಷ್ಟು ಜನರನ್ನು, ಉತ್ತರಿಸಿದ್ದು ಎಷ್ಟು ಜನ ಎಂಬ ಎರಡೂ ಅಂಕಿ ವರದಿಯಲ್ಲಿ ಇರಲಿ. 40ರಲ್ಲಿ 26 ಎಂದು ನೇರವಾಗಿ ಬರೆದ ವರದಿಯನ್ನು ನಂಬುತ್ತಾರೆ. "ಎಲ್ಲರಿಗೂ ಉಪಯೋಗವಾಗಿದೆ" ಎಂದರೆ ಯಾರೂ ನಂಬುವುದಿಲ್ಲ.

ಉತ್ತರ: ಕುಮಟಾದ ಆಸ್ಪತ್ರೆ ಆಡಳಿತಾಧಿಕಾರಿ

ಮೇಜಿನ ಆಚೆ ಬದಿಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ ಮೇಡಂ. ಲೈಬ್ರರಿಯವರು ಲೆಕ್ಕ ಹಾಕಿ ತಂದಾಗ ಸಾಮಾನ್ಯವಾಗಿ ಎಡವುವುದು ಸಮಯದ ವಿಷಯದಲ್ಲಿ. ಒಂದು ಮಾದರಿ ನೋಡಿ. ತಿಂಗಳಿಗೆ 40 ಪ್ರಶ್ನೆ, ಪ್ರತಿಯೊಂದರಲ್ಲೂ ವೈದ್ಯರಿಗೆ ಒಂದು ಗಂಟೆ ಉಳಿಯಿತು ಎನ್ನಿ. ಸಂಬಳ 1,50,000 ರೂಪಾಯಿ, ಕೆಲಸ 200 ಗಂಟೆ, ಹಾಗಾಗಿ ಗಂಟೆಗೆ 750. ಅಲ್ಲಿಗೆ 30,000 ರೂಪಾಯಿ ಉಳಿತಾಯ ಎಂದು ಬರೆಯುತ್ತಾರೆ. ಅಕೌಂಟ್ಸ್ ವಿಭಾಗ ಅಲ್ಲೇ ತಡೆಯುತ್ತದೆ: ಸಂಬಳ ಹೇಗೂ ಕೊಡಲೇಬೇಕು, ಬ್ಯಾಂಕಿನಲ್ಲಿ 30,000 ಉಳಿದಿದ್ದು ಎಲ್ಲಿ? ಆ ಪ್ರಶ್ನೆ ನ್ಯಾಯವೇ. ಒಂದು ಅಂಕಿ ಹೀಗೆ ಬಿದ್ದರೆ ಉಳಿದ ಒಳ್ಳೆಯ ಅಂಕಿಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಆದ್ದರಿಂದ ಮೂರು ಬಗೆಯ ಲಾಭವನ್ನು ಮೂರು ಕಡೆ ಇಡಿ, ಕೂಡಿಸಬೇಡಿ. ಮೊದಲನೆಯದು ನಿಜವಾಗಿ ಕೈಯಲ್ಲಿ ಉಳಿದ ಹಣ: ಎರಡು ವಿಭಾಗ ಬೇರೆಬೇರೆಯಾಗಿ ತರಿಸುತ್ತಿದ್ದ ಒಂದೇ ಜರ್ನಲ್ ನಿಲ್ಲಿಸಿದ್ದು, ಮುಕ್ತವಾಗಿ ಸಿಗುವ ಜರ್ನಲ್ಲಿಗೆ ಕಟ್ಟುತ್ತಿದ್ದ ಚಂದಾ ಬಿಟ್ಟಿದ್ದು, ಬಿಡಿ ಲೇಖನವನ್ನು ದುಡ್ಡು ಕೊಟ್ಟು ಕೊಳ್ಳದೆ ಬೇರೆ ಲೈಬ್ರರಿಯಿಂದ ತರಿಸಿದ್ದು. ವಿದೇಶಿ ಪ್ರಕಾಶಕರು ಬಿಡಿ ಲೇಖನಕ್ಕೆ ಸಾಮಾನ್ಯವಾಗಿ 30ರಿಂದ 40 ಡಾಲರ್ ಕೇಳುತ್ತಾರೆ. ತಿಂಗಳಿಗೆ ಹತ್ತು ಲೇಖನ ತಪ್ಪಿಸಿದ್ದನ್ನು ಇನ್‌ವಾಯ್ಸ್ ದರದ ಮೇಲೆ ತೋರಿಸಿದರೆ ಯಾರೂ ವಾದಿಸಲಾರರು. ಎರಡನೆಯದು ಸಮಯ. ಅದನ್ನು ರೂಪಾಯಿಗೆ ತಿರುಗಿಸದೆ ಗಂಟೆಯಲ್ಲೇ ಬರೆಯಿರಿ: "ಈ ತಿಂಗಳು ವೈದ್ಯರಿಗೆ 40 ಗಂಟೆ ರೋಗಿಗಳ ಜೊತೆ ಉಳಿಯಿತು". ಮೂರನೆಯದು ತಪ್ಪಿದ ಅನಾಹುತ ಅಥವಾ ತಪ್ಪಿದ ವ್ಯರ್ಥ. ಇಲ್ಲಿ ಅಂಕಿಗಿಂತ ಒಂದು ಘಟನೆಯ ನಾಲ್ಕು ಸಾಲು ಹೆಚ್ಚು ಕೆಲಸ ಮಾಡುತ್ತದೆ. "ಲೈಬ್ರರಿ ಜೀವ ಉಳಿಸಿತು" ಎಂದು ಮಾತ್ರ ಬರೆಯಬೇಡಿ. ಚಿಕಿತ್ಸೆ ವೈದ್ಯರದ್ದು, ಅದಕ್ಕೆ ಬೇಕಾದ ಆಧಾರ ಸಮಯಕ್ಕೆ ತಲುಪಿಸಿದ್ದು ನಿಮ್ಮದು. ಅಷ್ಟನ್ನೇ ಬರೆದರೆ ವೈದ್ಯರೂ ಸಭೆಯಲ್ಲಿ ನಿಮ್ಮ ಪರ ಮಾತಾಡುತ್ತಾರೆ.

ಇನ್ನೊಂದು ವಿಷಯಕ್ಕೆ ಹೆಚ್ಚು ತೂಕ ಕೊಡುತ್ತೇನೆ. ನಿಮ್ಮ ಆಸ್ಪತ್ರೆ ಎನ್‌ಎಬಿಎಚ್, ಅಂದರೆ ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿಯ, ಮಾನ್ಯತೆ ಪಡೆದಿದ್ದರೆ, ಇಲ್ಲವೇ ತಯಾರಿಯಲ್ಲಿದ್ದರೆ, ಕ್ವಾಲಿಟಿ ಮ್ಯಾನೇಜರ್ ಬಳಿ ಇವತ್ತೇ ಹೋಗಿ. ಚಿಕಿತ್ಸೆಗೆ ಮಾರ್ಗಸೂಚಿಗಳನ್ನು ಅಳವಡಿಸಿಕೊಳ್ಳಬೇಕು, ಸಿಬ್ಬಂದಿಗೆ ತರಬೇತಿ ಆಗಬೇಕು, ರೋಗಿಗೂ ಮನೆಯವರಿಗೂ ಅರ್ಥವಾಗುವ ಭಾಷೆಯಲ್ಲಿ ತಿಳಿವಳಿಕೆ ಕೊಡಬೇಕು ಎಂದು ಆ ಮಾನದಂಡಗಳು ಕೇಳುತ್ತವೆ. ತಪಾಸಣೆಗೆ ಬಂದವರು ವಾರ್ಡಿನಲ್ಲಿ ಸಿಸ್ಟರನ್ನು ಕೇಳುವುದು "ನೀವು ಅನುಸರಿಸುವ ಮಾರ್ಗಸೂಚಿ ಯಾವುದು, ಯಾವ ವರ್ಷದ್ದು?" ಎಂದು. ಅಲ್ಲಿ ಹತ್ತು ವರ್ಷ ಹಳೆಯ ಜೆರಾಕ್ಸ್ ಸಿಕ್ಕರೆ ಮುಗಿಯಿತು. ಮಾರ್ಗಸೂಚಿಗಳ ಪಟ್ಟಿಯನ್ನು ನೀವು ವಹಿಸಿಕೊಳ್ಳಿ: ಹೆಸರು, ಹೊರಡಿಸಿದವರು, ವರ್ಷ, ಯಾವ ವಿಭಾಗದಲ್ಲಿ ಎಷ್ಟು ಪ್ರತಿ, ಮುಂದಿನ ಪರಿಶೀಲನೆ ಯಾವಾಗ, ಹಳೆಯ ಪ್ರತಿ ವಾಪಸ್ ಬಂತೇ. ಈ ಕೊನೆಯದನ್ನೇ ಎಲ್ಲರೂ ಮರೆಯುತ್ತಾರೆ. ಹೊಸದು ಕೊಟ್ಟು ಹಳೆಯದನ್ನು ತೆಗೆಯದಿದ್ದರೆ ವಾರ್ಡಿನಲ್ಲಿ ಎರಡೂ ಉಳಿಯುತ್ತವೆ, ರಾತ್ರಿ ಡ್ಯೂಟಿಯವರ ಕೈಗೆ ಯಾವುದು ಸಿಗುತ್ತದೋ ಅದು. ಈ ಕೆಲಸ ನಿಮ್ಮ ಹೆಸರಿಗೆ ಬಂದ ಮೇಲೆ ನಿಮ್ಮ ಕೋಣೆಯನ್ನು ಮುಟ್ಟುವ ಮುಂಚೆ ಕ್ವಾಲಿಟಿ ವಿಭಾಗವೇ ಆಕ್ಷೇಪ ಎತ್ತುತ್ತದೆ.

ಉತ್ತರ: ಹೊನ್ನಾವರದ ವೈದ್ಯರು, ಜನರಲ್ ಮೆಡಿಸಿನ್

ಮೇಲಿನವರು ಹೇಳಿದ "ನಾಲ್ಕು ಸಾಲಿನ ಘಟನೆ" ಎಲ್ಲಿಂದ ಹುಟ್ಟುತ್ತದೆ ಎಂದರೆ, ನಮ್ಮ ಜಿಲ್ಲೆಯ ಕಾಯಿಲೆಗಳಿಂದಲೇ. ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ ಎನ್ನುವವರಿಗೆ ಕೊಡಬೇಕಾದ ಉತ್ತರವೂ ಅಲ್ಲೇ ಇದೆ.

ಹಾವು ಕಡಿತ ತೆಗೆದುಕೊಳ್ಳಿ. ನಮ್ಮಲ್ಲಿ ಬಳಸುವ ವಿಷನಿರೋಧಕ, ಅಂದರೆ ಎಎಸ್‌ವಿ, ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಘಟ್ಟದ ತೋಟ-ಕಾಡುಗಳಲ್ಲಿ ಹಂಪ್‌ನೋಸ್ಡ್ ಪಿಟ್ ವೈಪರ್ ಎಂಬ ಸಣ್ಣ ಗುಳಿಮಂಡಲವೂ ಇದೆ. ಈ ಎಎಸ್‌ವಿ ಅದರ ವಿಷಕ್ಕೆ ಕೆಲಸ ಮಾಡುವುದಿಲ್ಲ. ಆದರೆ ಅದರ ಕಡಿತದಲ್ಲಿ ರಕ್ತ ಹೆಪ್ಪುಗಟ್ಟದಿರುವುದು, ಕಿಡ್ನಿ ಕೆಡುವುದು ಎರಡೂ ಆಗಬಹುದು. ಕೊಳಕುಮಂಡಲ ಎಂದುಕೊಂಡು ಮೊದಲ ಸುತ್ತಿಗೆ 8ರಿಂದ 10 ವಯಲ್ (ಔಷಧದ ಸಣ್ಣ ಸೀಸೆ) ಕೊಟ್ಟು, ಫಲ ಕಾಣದೆ ಮತ್ತೆ ಮತ್ತೆ ಕೊಟ್ಟರೆ ವಯಲ್ ಖಾಲಿಯಾಗುತ್ತದೆ, ಅಲರ್ಜಿಯ ಅಪಾಯ ಉಳಿಯುತ್ತದೆ, ಡಯಾಲಿಸಿಸ್ ಇರುವ ಕಡೆ ಕಳಿಸುವುದು ತಡವಾಗುತ್ತದೆ. ಹಾವು ಯಾವುದೆಂದು ಗೊತ್ತಿಲ್ಲದೆ ವಿಷದ ಲಕ್ಷಣ ಕಂಡರೆ ಎಎಸ್‌ವಿ ತಡೆಹಿಡಿಯಬೇಕೆಂದು ಯಾರೂ ಇದರಿಂದ ಅರ್ಥ ಮಾಡಿಕೊಳ್ಳಬಾರದು. ಆ ನಿರ್ಧಾರ ರೋಗಿಯನ್ನು ನೋಡುತ್ತಿರುವ ವೈದ್ಯರದ್ದು. ಆದರೆ ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರಿಗೆ ಇಷ್ಟು ವಿಷಯ ಎರಡು ಪುಟದಲ್ಲಿ, ರಾಷ್ಟ್ರೀಯ ಮಾರ್ಗಸೂಚಿಯ ಜೊತೆಗೆ, ಕ್ಯಾಶುವಾಲ್ಟಿ ಮೇಜಿನ ಮೇಲೆ ಇದ್ದರೆ ಅದರ ಬೆಲೆಯೇ ಬೇರೆ.

ಆ ಎರಡು ಪುಟದಲ್ಲಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ವಿಧಾನ ಇರಲೇಬೇಕು. ಒಣಗಿದ, ಸ್ವಚ್ಛ ಗಾಜಿನ ಟ್ಯೂಬ್, ಸುಮಾರು 2 ಮಿಲಿ ರಕ್ತ, 20 ನಿಮಿಷ ಅಲುಗಾಡಿಸದೆ ಇಟ್ಟು ಒಮ್ಮೆ ಬಾಗಿಸಿ ನೋಡುವುದು. ಪ್ಲಾಸ್ಟಿಕ್ ಟ್ಯೂಬಾದರೆ, ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬಾದರೆ, ಹೆಪ್ಪುಗಟ್ಟಬೇಕಾದ ರಕ್ತವೂ ಗಟ್ಟದೆ ಫಲಿತಾಂಶ ತಪ್ಪುತ್ತದೆ. ಅದರ ಹಿಂದೆಯೇ ಬೇಡದ ವಯಲ್‌ಗಳು ಹೋಗುತ್ತವೆ. ಮೇಡಂ, ಫಾರ್ಮಸಿಯಿಂದ ಎಎಸ್‌ವಿ ಇಂಡೆಂಟ್ ಲೆಕ್ಕ ತೆಗೆದುಕೊಂಡು, ಆ ಎರಡು ಪುಟ ಇಡುವ ಮೊದಲಿನ ಆರು ತಿಂಗಳು ಮತ್ತು ನಂತರದ ಆರು ತಿಂಗಳು ಪ್ರತಿ ರೋಗಿಗೆ ಎಷ್ಟು ವಯಲ್ ಹೋಯಿತು ಎಂದು ಪಕ್ಕಪಕ್ಕ ಇಡಿ. ಹಾವು ಕಡಿತದ ಸಂಖ್ಯೆ ಋತುವಿನ ಮೇಲೆ ಏರಿಳಿಯುತ್ತದೆ, ಆದ್ದರಿಂದ ಒಟ್ಟು ವಯಲ್ ಹೋಲಿಸಬೇಡಿ, ರೋಗಿಗೆ ಎಷ್ಟು ಎಂದೇ ನೋಡಿ, ಸಾಧ್ಯವಾದರೆ ಕಳೆದ ವರ್ಷದ ಅದೇ ತಿಂಗಳುಗಳ ಜೊತೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ಹಾಗಾಗಿ ರೋಗಿಗಳ ಸಂಖ್ಯೆ ಆಸ್ಪತ್ರೆಯಲ್ಲಿ ಹೇಗೂ ಇರುತ್ತದೆ.

ಮಂಗನ ಕಾಯಿಲೆಯೂ ಹಾಗೇ. ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನಲ್ಲಿ ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಫೋಲ್ಡರ್ ನವೆಂಬರಿನಲ್ಲೇ ತಯಾರಿರಬೇಕು: ಜ್ವರದ ಎಷ್ಟನೇ ದಿನಕ್ಕೆ ಯಾವ ಟೆಸ್ಟ್, ಮಾದರಿ ಎಲ್ಲಿಗೆ ಹೇಗೆ ಕಳಿಸಬೇಕು, ರಕ್ತಸ್ರಾವದ ಭಯ ಇರುವುದರಿಂದ ಯಾವ ನೋವಿನ ಮಾತ್ರೆ ಕೊಡಬಾರದು. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. "ಲಸಿಕೆ ಹಾಕಿಸಿಕೊಳ್ಳಿ" ಎನ್ನುವ ಹಳೆಯ ಕರಪತ್ರ ಇನ್ನೂ ಗೋಡೆಯ ಮೇಲಿದ್ದರೆ ಅದನ್ನು ಹುಡುಕಿ ತೆಗೆಯುವುದೂ ಲೈಬ್ರರಿಯ ಕೆಲಸವೇ. ಮಳೆಗಾಲಕ್ಕೆ ಮುಂಚೆ ಇಲಿಜ್ವರ, ಡೆಂಗಿ ಇವುಗಳಿಗೂ ಹೀಗೇ ಮಾಡಿ.

ಇವೆಲ್ಲ ಮುದ್ರಿಸಿಯೇ ಇರಲಿ. ಜುಲೈನಲ್ಲಿ ಕರೆಂಟು, ನೆಟ್ಟು ಎರಡೂ ಹೋಗುತ್ತವೆ, ಘಟ್ಟದ ರಸ್ತೆಯೂ ಕಟ್ಟಾಗುತ್ತದೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ನಿಂತದ್ದು ಎಲ್ಲರಿಗೂ ಗೊತ್ತು. ಹುಬ್ಬಳ್ಳಿಗೋ ಮಂಗಳೂರಿಗೋ ಗೋವಾಕ್ಕೋ ಕಳಿಸಲಾಗದ ಆ ಹೊತ್ತಿನಲ್ಲಿ, ಇದ್ದ ಜಾಗದಲ್ಲೇ ರೋಗಿಯನ್ನು ನೋಡಿಕೊಳ್ಳಬೇಕಾದವರಿಗೆ ಆ ಫೋಲ್ಡರ್ ಕೈಗೆಟಕುವಂತಿರಬೇಕು.

ಪ್ರಶ್ನೆ: ಕಾರವಾರದ ಗ್ರಂಥಾಲಯ ಸಹಾಯಕರು, ಸರ್ಕಾರಿ ಸಂಸ್ಥೆ

ನಮ್ಮಲ್ಲಿ ಚಂದಾ ಖರ್ಚೇ ಕಡಿಮೆ, ಹೆಚ್ಚಿನದು ಹಲವು ಸಂಸ್ಥೆಗಳಿಗೆ ಒಟ್ಟಿಗೆ ಜರ್ನಲ್ ತರಿಸುವ ಒಕ್ಕೂಟಗಳ ಮೂಲಕ ಸಿಗುತ್ತದೆ. "ಉಚಿತವಾಗಿ ಬರುವುದಕ್ಕೆ ಲೈಬ್ರರಿಯನ್ ಯಾಕೆ" ಎಂದು ಕೇಳಿದರೆ?

ಕಾರವಾರದ ಹಿರಿಯ ಗ್ರಂಥಪಾಲಕಿ

ಉಚಿತ ಅಲ್ಲವೇ ಅಲ್ಲ, ಬೇರೆಯವರು ಕಟ್ಟಿದ್ದಾರೆ. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಅದು. ನಿಮ್ಮ ಸಂಸ್ಥೆಯ ನೋಂದಣಿ ಆಗಿದೆಯೇ, ವೈದ್ಯರ ಕೈಗೆ ಲಾಗಿನ್ ಬಂದಿದೆಯೇ, ಹಾಸ್ಟೆಲಿನಿಂದಲೂ ತೆರೆಯುತ್ತದೆಯೇ ಎಂದು ನೋಡಿ. ಈ ಮೂರರಲ್ಲಿ ಒಂದು ತಪ್ಪಿದರೂ ಜರ್ನಲ್ ಇದ್ದೂ ಇಲ್ಲದಂತೆ. ಆಮೇಲೆ ಬಳಕೆಯ ವರದಿ ತೆಗೆಯಿರಿ. ದೊಡ್ಡ ಪ್ರಕಾಶಕರು ಕೌಂಟರ್ ಎಂಬ ಒಂದೇ ಮಾದರಿಯಲ್ಲಿ ಅಂಕಿ ಕೊಡುತ್ತಾರೆ, ಆದ್ದರಿಂದ ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. ಎಷ್ಟು ಸಲ ಪುಟ ತೆರೆದರು ಎಂಬುದನ್ನು ಬಿಟ್ಟು, ಪೂರ್ಣ ಲೇಖನ ಎಷ್ಟು ಸಲ ಇಳಿಸಿಕೊಂಡರು ಎಂಬ ಅಂಕಿ ತೆಗೆದುಕೊಳ್ಳಿ.

ಶಿರಸಿಯ ತಂಗಿಗೆ ಆ ಯೋಜನೆ ಸಿಗುವುದಿಲ್ಲ, ಅದು ಖಾಸಗಿಗೆ ಇಲ್ಲ. ಬಡ ದೇಶಗಳಿಗೆ ವೈದ್ಯಕೀಯ ಜರ್ನಲ್ ಕೊಡಲೆಂದು ಇರುವ ಹಿನಾರಿ ಯೋಜನೆಯಲ್ಲೂ ಭಾರತ ಸೇರಿಲ್ಲ, ಅರ್ಜಿ ಹಾಕಿ ದಿನ ಕಳೆಯಬೇಡಿ. ನಿಮಗಿರುವ ದಾರಿ ಬೇರೆ. ನರ್ಸಿಂಗ್ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ, ವಿಶ್ವವಿದ್ಯಾಲಯದ ಆನ್‌ಲೈನ್ ಜರ್ನಲ್ ಒಕ್ಕೂಟವಾದ ಹೆಲಿನೆಟ್‌ನಲ್ಲಿ ನಿಮ್ಮ ಕಾಲೇಜಿಗೆ ಏನೇನು ತೆರೆಯುತ್ತದೆ ಎಂದು ಬರಹದಲ್ಲಿ ಕೇಳಿ. ಆಸ್ಪತ್ರೆಯ ಕನ್ಸಲ್ಟೆಂಟುಗಳು ಅದನ್ನು ಬಳಸಲು ಪರವಾನಗಿ ಒಪ್ಪುತ್ತದೆಯೇ ಎಂಬುದನ್ನೂ ಕೇಳಿ, ಅದು ತಾನಾಗಿ ಬರುವ ಹಕ್ಕಲ್ಲ. ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಎಲ್ಲರಿಗೂ ತೆರೆದಿದೆ, ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ಣ ಲೇಖನವೂ ಸಿಗುತ್ತದೆ. ಉಳಿದದ್ದಕ್ಕೆ ಡೆಲ್ನೆಟ್ ಸದಸ್ಯತ್ವ ನೋಡಿ. ಅದು 1988ರಿಂದ ಲೈಬ್ರರಿಗಳ ನಡುವೆ ಕೊಡುಕೊಳ್ಳುವಿಕೆ ನಡೆಸಿಕೊಂಡು ಬಂದಿದೆ.

ಮತ್ತೆ 14 ಜರ್ನಲ್ ವಿಷಯ. ಅರ್ಧ ಕಡಿಯಿರಿ ಎಂದು ಅವರು ಹೇಳುವ ಮೊದಲು ನೀವೇ ಪಟ್ಟಿ ಮಾಡಿ. ಪ್ರತಿಯೊಂದರ ಚಂದಾವನ್ನು ವರ್ಷದ ಬಳಕೆಯಿಂದ ಭಾಗಿಸಿ. 18,000 ರೂಪಾಯಿಯ ಜರ್ನಲ್ ಆರು ಸಲ ಬಳಕೆಯಾಗಿದ್ದರೆ ಒಂದು ಸಲಕ್ಕೆ 3,000. ಬಿಡಿ ಲೇಖನ ಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ ಬೀಳುತ್ತದೆ. ಅದನ್ನು ಬಿಡಬಹುದು ಎಂದು ನೀವೇ ಬರೆಯಿರಿ. 9,000ದ್ದು 90 ಸಲ ಬಳಕೆಯಾಗಿದ್ದರೆ ಸಲಕ್ಕೆ 100, ಅದನ್ನು ಯಾರೂ ಮುಟ್ಟಬಾರದು. ಮುದ್ರಿತ ಸಂಚಿಕೆಯ ಬಳಕೆ ಎಣಿಸಲು ಮೇಜಿನ ಮೇಲೆ ಓದಿ ಬಿಟ್ಟದ್ದನ್ನು ದಿನದ ಕೊನೆಗೆ ಗುರುತು ಹಾಕಿ ವಾಪಸ್ ಇಡಿ. ಓದಿದವರೇ ಕಪಾಟಿಗೆ ಇಟ್ಟುಬಿಟ್ಟರೆ ಎಣಿಕೆ ತಪ್ಪುತ್ತದೆ, "ದಯವಿಟ್ಟು ಮೇಜಿನ ಮೇಲೇ ಬಿಡಿ" ಎಂಬ ಫಲಕ ಬೇಕು.

ಕುಮಟಾದ ಆಸ್ಪತ್ರೆ ಆಡಳಿತಾಧಿಕಾರಿ

ಹಿರಿಯರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಉಪಕಾರ ಮಾಡಲು ಹೋಗಿ ಚಂದಾದ ಲೇಖನಗಳನ್ನು ದೊಡ್ಡ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಒಂದು ಇಡೀ ಸಂಚಿಕೆಯನ್ನು ಒಟ್ಟಿಗೆ ಇಳಿಸಿಕೊಳ್ಳಬೇಡಿ. ಪ್ರಕಾಶಕರು ಇಡೀ ಸಂಸ್ಥೆಯ ಸಂಪರ್ಕವನ್ನೇ ತಡೆಯುತ್ತಾರೆ. ಆ ಒಂದು ದಿನ ಸಾಕು, ವರ್ಷದ ಒಳ್ಳೆಯ ಕೆಲಸವೆಲ್ಲ ಹಿಂದೆ ಬೀಳುತ್ತದೆ. ಕೇಳಿದವರಿಗೆ, ಕೇಳಿದ್ದನ್ನು ಮಾತ್ರ ಕಳಿಸಿ.

ಶಿರಸಿಯ ಗ್ರಂಥಪಾಲಕಿ

ಆರು ವಾರದಲ್ಲಿ ಇಷ್ಟೆಲ್ಲ ಆಗುವುದಿಲ್ಲ. ಒಬ್ಬಳೇ ಇದ್ದೇನೆ, ಯಾವುದು ಬಿಡಲಿ?

ಕಾರವಾರದ ಹಿರಿಯ ಗ್ರಂಥಪಾಲಕಿ

ಎಎಸ್‌ವಿ ಹೋಲಿಕೆ ಈ ಸಭೆಗೆ ಬೇಡ, ಅದಕ್ಕೆ ಆರು ತಿಂಗಳಾದರೂ ಬೇಕು. ಎರಡು ಪುಟದ ಫೋಲ್ಡರ್ ಮಾತ್ರ ಇಟ್ಟು, ಇಟ್ಟ ದಿನಾಂಕ ಬರೆದಿಡಿ. ಎಲ್ಲ ವಿಭಾಗಗಳಿಗೂ ಹೋಗಬೇಡಿ. ಕ್ಯಾಶುವಾಲ್ಟಿ, ಮೆಡಿಸಿನ್, ಐಸಿಯು ಈ ಮೂರೇ ಸಾಕು. ಮೊದಲ ವಾರ ರಿಜಿಸ್ಟರ್ ತೆರೆದು, ಇನ್‌ಚಾರ್ಜ್ ಸಿಸ್ಟರುಗಳಿಗೆ ನಿಮ್ಮ ಫೋನ್ ನಂಬರ್ ಕೊಟ್ಟು, ಇಷ್ಟು ಗಂಟೆಯೊಳಗೆ ಉತ್ತರ ಕೊಡುತ್ತೇನೆ ಎಂದು ಹೇಳಿ. ತುರ್ತಾದದ್ದಕ್ಕೆ ಎರಡು ಗಂಟೆ, ಉಳಿದದ್ದಕ್ಕೆ ಮರುದಿನ. ಸಾಧ್ಯವಾಗದ ಸಮಯ ಹೇಳಬೇಡಿ, ತಡವಾದರೆ ಎರಡನೇ ಸಲ ಕೇಳುವುದಿಲ್ಲ. ಎರಡನೇ ವಾರದಿಂದ ಐದನೇ ವಾರದವರೆಗೆ ದಿನಕ್ಕೆ ಒಂದು ಸಲ ರೌಂಡ್ಸ್ ಹೊತ್ತಿಗೆ ವಾರ್ಡಿನಲ್ಲಿ ಕಾಣಿಸಿಕೊಳ್ಳಿ. ಲೈಬ್ರರಿಯಲ್ಲೇ ಕೂತಿದ್ದರೆ ಪ್ರಶ್ನೆ ಬರುವುದಿಲ್ಲ.

ಉತ್ತರ ಕೊಡುವಾಗ ಹತ್ತು ಲೇಖನ ಸುರಿಯಬೇಡಿ. ಮೇಲೆ ಮೂರು ಸಾಲಿನ ಸಾರ, ಯಾವ ಮೂಲ, ಯಾವ ವರ್ಷ, ಕೆಳಗೆ ಎರಡೋ ಮೂರೋ ಲೇಖನ. ಸಾರದಲ್ಲಿ "ಹೀಗೆ ಚಿಕಿತ್ಸೆ ಮಾಡಿ" ಎಂಬ ಮಾತು ಬರಬಾರದು. "ಮಾರ್ಗಸೂಚಿ ಹೀಗೆ ಹೇಳುತ್ತದೆ, ಈ ಅಧ್ಯಯನ ಇದಕ್ಕೆ ಒಪ್ಪುವುದಿಲ್ಲ" ಎನ್ನುವಷ್ಟರಲ್ಲಿ ನಿಲ್ಲಿಸಿ.

ಸಭೆಗೆ ಒಂದೇ ಹಾಳೆ. ಮೇಲೆ ನಾಲ್ಕು ವಾರದ ಅಂಕಿ: ಎಷ್ಟು ಪ್ರಶ್ನೆ, ಅದರಲ್ಲಿ ರೋಗಿಯ ಚಿಕಿತ್ಸೆಗೆ ಎಷ್ಟು, ಹೇಳಿದ ಸಮಯದೊಳಗೆ ಎಷ್ಟು, ಬದಲಾಯಿತು ಎಂದವರು ಎಷ್ಟು, ಖಚಿತವಾಯಿತು ಎಂದವರು ಎಷ್ಟು. ನಡುವೆ ವೈದ್ಯರ ಒಪ್ಪಿಗೆ ಪಡೆದ ಎರಡು ಘಟನೆ, ತಲಾ ನಾಲ್ಕು ಸಾಲು. ಕೆಳಗೆ ಹಣ: ಯಾವ ಜರ್ನಲ್ ಬಿಡಬಹುದು, ಯಾವುದು ಬಿಡಬಾರದು, ಉಳಿಯುವುದೆಷ್ಟು. ಕೊನೆಯ ಸಾಲಿನಲ್ಲಿ ನಿಮಗೆ ಬೇಕಾದದ್ದನ್ನು ನೇರವಾಗಿ ಕೇಳಿ: ಕೋಣೆ ಉಳಿಯಲಿ, ಆರು ತಿಂಗಳ ನಂತರ ಇದೇ ಅಂಕಿ ಮತ್ತೆ ತರುತ್ತೇನೆ. ಹಾಳೆಯನ್ನು ಸಭೆಯ ದಿನ ಹಂಚಬೇಡಿ. ನಾಲ್ಕು ದಿನ ಮೊದಲೇ ಮೆಡಿಕಲ್ ಸೂಪರಿಂಟೆಂಡೆಂಟ್ ಮತ್ತು ಕ್ವಾಲಿಟಿ ಮ್ಯಾನೇಜರ್ ಕೈಗೆ ಕೊಟ್ಟು, ತಪ್ಪಿದ್ದರೆ ತಿದ್ದಿಸಿಕೊಳ್ಳಿ. ಸಭೆಯಲ್ಲಿ ನಿಮಗೆ ಐದು ನಿಮಿಷ ಸಿಕ್ಕರೆ ಹೆಚ್ಚು, ಆ ಹೊತ್ತಿಗೆ ಇಬ್ಬರಾದರೂ ಅದನ್ನು ಓದಿಕೊಂಡು ಕೂತಿರಬೇಕು.

ಶಿರಸಿಯ ಗ್ರಂಥಪಾಲಕಿ

ರಿಜಿಸ್ಟರ್ ಗೆರೆ ಹಾಕಿದೆ ಮೇಡಂ. ರೋಗಿಗಳ ಕರಪತ್ರವನ್ನೂ ಒಂದು ಪ್ರಶ್ನೆ ಎಂದು ಎಣಿಸಬಹುದೇ? ಇವತ್ತು ಮಕ್ಕಳ ವಿಭಾಗದವರು ಕೇಳಿದರು, ಇನ್ಸುಲಿನ್ ಚುಚ್ಚುವುದರ ಬಗ್ಗೆ ತಾಯಂದಿರಿಗೆ ಕನ್ನಡದಲ್ಲಿ ಬೇಕಂತೆ, ಸಾಧ್ಯವಾದರೆ ಕೊಂಕಣಿಯಲ್ಲೂ.

ಕಾರವಾರದ ಹಿರಿಯ ಗ್ರಂಥಪಾಲಕಿ

ಖಂಡಿತ ಎಣಿಸಿ, ಅದೇ ನಿಮ್ಮ ಮೊದಲ ನಮೂದು. ಒಂದು ಹಾಳೆ, 16 ಪಾಯಿಂಟ್ ಅಕ್ಷರ, ಚುಚ್ಚುವ ಜಾಗದ ಚಿತ್ರ, ಸಿರಿಂಜಿನಲ್ಲಿ ಯೂನಿಟ್ ಗೆರೆಯ ಚಿತ್ರ. ಮಿಲಿಗೆ 40 ಯೂನಿಟ್ ಇರುವ ವಯಲ್‌ಗೆ, ಮಿಲಿಗೆ 100 ಯೂನಿಟ್ ಲೆಕ್ಕದ ಸಿರಿಂಜ್ ಬಳಸಿದರೆ ಪ್ರಮಾಣ ತಪ್ಪುತ್ತದೆ ಎಂಬುದು ದಪ್ಪ ಅಕ್ಷರದಲ್ಲಿ ಇರಲಿ. ಅಚ್ಚಿಗೆ ಕಳಿಸುವ ಮೊದಲು ಮಕ್ಕಳ ವೈದ್ಯರ ಸಹಿ ಆಗಬೇಕು. ಆಮೇಲೆ ಇಬ್ಬರು ತಾಯಂದಿರಿಗೆ ಓದಲು ಕೊಟ್ಟು, ಅವರ ಮಾತಿನಲ್ಲೇ ವಾಪಸ್ ಹೇಳಿಸಿ. ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಬದಲಿಸಿ. ಕೊಂಕಣಿಯದನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ, ಓದಿ ನೋಡಲು ವಾರ್ಡಿನ ಸಿಸ್ಟರುಗಳಲ್ಲೇ ಯಾರಾದರೂ ಇರುತ್ತಾರೆ. ಹಾಳೆಯ ಕೆಳಗೆ ತಯಾರಿಸಿದ ದಿನಾಂಕ ಹಾಕುವುದನ್ನು ಮರೆಯಬೇಡಿ.